ಗಾಡಿಯಿಲ್ಲದ ಮನೆಯಲ್ಲೂ ಪೆಟ್ರೋಲಿನ ಲೆಕ್ಕ

ಮುಂಬಯಿಯ ಭಾಂಡುಪಿನಲ್ಲಿರುವ ನನ್ನ ಅಣ್ಣನ ಮನೆಯಲ್ಲಿ ಸ್ವಂತ ಗಾಡಿ ಇಲ್ಲ. ಅಣ್ಣ ಲೋಕಲ್ ರೈಲು ಹಿಡಿದು ಫೋರ್ಟಿನ ಕಚೇರಿಗೆ ಹೋಗುತ್ತಾನೆ, ಅತ್ತಿಗೆ ನಿಲ್ದಾಣದವರೆಗೆ ಶೇರ್ ರಿಕ್ಷಾದಲ್ಲಿ ಹೋಗುತ್ತಾರೆ, ಮಗಳು ಸ್ಕೂಲ್ ವ್ಯಾನಿನಲ್ಲಿ. ಕಳೆದ ವಾರ ವ್ಯಾನಿನ ಚಾಲಕರು ಮಗುವಿನ ಚೀಲದಲ್ಲಿ ಒಂದು ಚೀಟಿ ಇಟ್ಟು ಕಳುಹಿಸಿದ್ದರು. ಇಂಧನದ ದರ ಏರಿರುವುದರಿಂದ ಮುಂದಿನ ತಿಂಗಳಿನಿಂದ 200 ರೂಪಾಯಿ ಹೆಚ್ಚು ಕೊಡಬೇಕು ಎಂದಿತ್ತು. ಅತ್ತಿಗೆ ಆ ಚೀಟಿಯನ್ನು ನನ್ನ ಮುಂದಿಟ್ಟು ಕೇಳಿದರು: "ಪೆಟ್ರೋಲ್ ಪಂಪಿಗೆ ಕಾಲಿಡದ ನಮಗೆ ಇದು ಹೇಗೆ ಬಂದು ತಗಲಿತು? ನಿಜವಾಗಿ ಏರಿದ್ದೆಷ್ಟು, ಇವರು ಕೇಳುತ್ತಿರುವುದೆಷ್ಟು?"

ಹಲವು ವರ್ಷ ಲಾರಿ ಮಾಲೀಕರೊಬ್ಬರ ಲೆಕ್ಕ ಬರೆದವನು ನಾನು. ಪ್ರಶ್ನೆಯಲ್ಲಿ ಎರಡು ಭಾಗಗಳಿದ್ದವು, ಎರಡಕ್ಕೂ ಉತ್ತರವಿದೆ. ಆದರೆ ಉತ್ತರಕ್ಕೆ ಪಂಪಿನಿಂದ ಹೊರಟರೆ ಸಾಲದು, ಕಡಲಿನಿಂದಲೇ ಹೊರಡಬೇಕು.

ಬ್ಯಾರೆಲ್, ಡಾಲರ್, ರುಬ್ಬಿದ ಹಿಟ್ಟು

ನೆಲದಡಿಯಿಂದ ಅಥವಾ ಕಡಲತಳದಿಂದ ಬರುವ ಕಪ್ಪು ದ್ರವಕ್ಕೆ ಕಚ್ಚಾ ತೈಲ ಎನ್ನುತ್ತಾರೆ. ಅದನ್ನು ಕಾಯಿಸಿ ಬೇರ್ಪಡಿಸಿದಾಗ ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ, ಅಡುಗೆ ಅನಿಲ, ಡಾಂಬರು ಎಲ್ಲವೂ ಸಿಗುತ್ತವೆ. ಈ ಕೆಲಸ ಮಾಡುವ ಕಾರ್ಖಾನೆಯೇ ಸಂಸ್ಕರಣಾಗಾರ. ಕಚ್ಚಾ ತೈಲವನ್ನು ಜಗತ್ತಿನಲ್ಲಿ ಬ್ಯಾರೆಲ್ ಲೆಕ್ಕದಲ್ಲಿ ಮಾರುತ್ತಾರೆ. ಒಂದು ಬ್ಯಾರೆಲ್ ಎಂದರೆ ಸುಮಾರು 159 ಲೀಟರ್.

ಭಾರತ ತನಗೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಪಾಲನ್ನು ಹೊರಗಿನಿಂದ ತರಿಸುತ್ತದೆ, ಮತ್ತು ಬೆಲೆಯನ್ನು ಹೆಚ್ಚಾಗಿ ಡಾಲರಿನಲ್ಲಿ ಲೆಕ್ಕ ಹಾಕುತ್ತದೆ. ಹಾಗಾಗಿ ನಮ್ಮ ಪಂಪಿನ ಬೆಲೆಯ ಬುಡದಲ್ಲಿ ಎರಡು ದರಗಳಿವೆ: ತೈಲದ್ದೊಂದು, ಡಾಲರಿನದ್ದೊಂದು. ಲೆಕ್ಕಕ್ಕಾಗಿ ಬ್ಯಾರೆಲಿಗೆ 70 ಡಾಲರ್, ಡಾಲರಿಗೆ 85 ರೂಪಾಯಿ ಎಂದಿಟ್ಟುಕೊಳ್ಳೋಣ. ಒಂದು ಲೀಟರ್ ಕಚ್ಚಾ ತೈಲಕ್ಕೆ 37 ರೂಪಾಯಿ 40 ಪೈಸೆ ಆಗುತ್ತದೆ. ತೈಲದ ಬೆಲೆ ಅಲ್ಲಾಡದೆ ಡಾಲರ್ ಮಾತ್ರ 90 ರೂಪಾಯಿಗೆ ಏರಿದರೆ ಅದೇ ಲೀಟರಿಗೆ 39 ರೂಪಾಯಿ 60 ಪೈಸೆ. ಎಲ್ಲೂ ಯುದ್ಧವಿಲ್ಲ, ಯಾವ ಬಾವಿಯೂ ಬತ್ತಿಲ್ಲ, ಆದರೂ ಲೀಟರಿಗೆ 2 ರೂಪಾಯಿ 20 ಪೈಸೆ ಹೆಚ್ಚಿತು.

ಇನ್ನೊಂದು ಸಂಗತಿ ಇದೆ. ತೈಲ ಕಂಪನಿಗಳು ಲೆಕ್ಕ ಹಾಕುವಾಗ ಕಚ್ಚಾ ತೈಲದ ದರಕ್ಕಿಂತ ಹೊರದೇಶದ ಮಾರುಕಟ್ಟೆಯಲ್ಲಿ ಸಿದ್ಧ ಪೆಟ್ರೋಲ್ ಮತ್ತು ಡೀಸೆಲ್ ಎಷ್ಟಕ್ಕೆ ಮಾರಾಟವಾಗುತ್ತಿದೆ ಎಂಬುದನ್ನು ಮುಖ್ಯವಾಗಿ ನೋಡುತ್ತವೆ. ಮಾಟುಂಗದ ಅಂಗಡಿಗಳಲ್ಲಿ ದೋಸೆಗೆ ರುಬ್ಬಿದ ಹಿಟ್ಟು ಸಿಗುತ್ತದಲ್ಲ, ಅದನ್ನು ನೆನಪಿಸಿಕೊಳ್ಳಿ. ಅಕ್ಕಿಯ ದರ ಹಾಗೆಯೇ ಇದ್ದರೂ ರುಬ್ಬುವವರು ಕಡಿಮೆಯಾದರೆ ಹಿಟ್ಟಿನ ದರ ಏರುತ್ತದೆ. ಕಚ್ಚಾ ತೈಲ ಅಕ್ಕಿ, ಪೆಟ್ರೋಲ್ ಹಿಟ್ಟು. ಟಿವಿಯಲ್ಲಿ ಹೇಳುವುದು ಅಕ್ಕಿಯ ದರ, ನಾವು ಕೊಳ್ಳುವುದು ಹಿಟ್ಟು.

103 ರೂಪಾಯಿ 50 ಪೈಸೆ ಯಾರ ಯಾರ ಪಾಲು

ಮುಂಬಯಿಯಲ್ಲಿ 2025ರ ಮಧ್ಯದಲ್ಲಿ ಪೆಟ್ರೋಲ್ ಲೀಟರಿಗೆ 103 ರೂಪಾಯಿ 50 ಪೈಸೆ ಇತ್ತು. ಬಿಡಿಸಿ ನೋಡಲು ಅದನ್ನೇ ತೆಗೆದುಕೊಳ್ಳುತ್ತೇನೆ. ದರ ಬದಲಾದರೂ ಬಿಡಿಸುವ ಕ್ರಮ ಇದೇ.

ಮೊದಲನೆಯದು ಕೇಂದ್ರ ಸರ್ಕಾರದ ಅಬಕಾರಿ ಸುಂಕ. ಅಬಕಾರಿ ಎಂದೊಡನೆ ನಮಗೆ ಮದ್ಯದ ಇಲಾಖೆ ನೆನಪಾಗುತ್ತದೆ, ಇಲ್ಲಿ ಅದರ ಸಂಬಂಧವಿಲ್ಲ. ದೇಶದೊಳಗೆ ತಯಾರಾದ ವಸ್ತುವಿನ ಮೇಲಿನ ತೆರಿಗೆಗೆ ಆ ಹೆಸರು. 2025ರ ಏಪ್ರಿಲ್ 8ರಂದು 2 ರೂಪಾಯಿ ಏರಿದ ಮೇಲೆ ಪೆಟ್ರೋಲಿಗೆ ಅದು ಲೀಟರಿಗೆ 21 ರೂಪಾಯಿ 90 ಪೈಸೆ ಆಯಿತು. ಇದು ರೂಪಾಯಿಯಲ್ಲಿ ನಿಗದಿಯಾದ ಮೊತ್ತ. ಪೆಟ್ರೋಲಿನ ಮೂಲ ಬೆಲೆ ಏರಿದರೂ ಇಳಿದರೂ ಸರ್ಕಾರ ಬದಲಾಯಿಸುವವರೆಗೆ ಇದು ಅಷ್ಟೇ.

ಎರಡನೆಯದು ರಾಜ್ಯ ಸರ್ಕಾರದ ಮೌಲ್ಯವರ್ಧಿತ ತೆರಿಗೆ, ಎಲ್ಲರ ಬಾಯಲ್ಲಿ ವ್ಯಾಟ್. ಮಹಾರಾಷ್ಟ್ರದಲ್ಲಿ ಪೆಟ್ರೋಲಿಗೆ ಇದು ಶೇ. 25, ಅದರ ಮೇಲೆ ಲೀಟರಿಗೆ 5 ರೂಪಾಯಿ 12 ಪೈಸೆ. ಮುಂಬಯಿ, ಠಾಣೆ, ನವಿ ಮುಂಬಯಿಗಳಲ್ಲಿ ಮೊದಲು ಶೇ. 26 ಇತ್ತು. 2024ರ ಬಜೆಟಿನಲ್ಲಿ ಅದನ್ನು ರಾಜ್ಯದ ಉಳಿದ ಭಾಗಕ್ಕೆ ಸರಿಸಮ ಮಾಡಿದರು. 103.50ರಲ್ಲಿ ಈ ಪಾಲು ಸುಮಾರು 24 ರೂಪಾಯಿ 80 ಪೈಸೆ ಆಗುತ್ತದೆ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಶೇಕಡಾ ಲೆಕ್ಕದ ತೆರಿಗೆ ಎಂದರೆ ಮೂಲ ಬೆಲೆ 10 ರೂಪಾಯಿ ಏರಿದಾಗ ತೆರಿಗೆಯೂ ತಾನಾಗಿ 2 ರೂಪಾಯಿ 50 ಪೈಸೆ ಏರುತ್ತದೆ. ಕೇಂದ್ರದ ಸುಂಕವೂ ಆ ಮೂಲದೊಳಗೇ ಸೇರಿರುವುದರಿಂದ, ತೆರಿಗೆಯ ಮೇಲೂ ತೆರಿಗೆ ಬೀಳುತ್ತದೆ. ಅಂಗಡಿಯ ಬಿಲ್ಲಿನಲ್ಲಿ ಕಾಣುವ ಜಿಎಸ್‌ಟಿ ಪೆಟ್ರೋಲಿಗೆ ಇಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಪೆಟ್ರೋಲ್, ಡೀಸೆಲ್, ಕಚ್ಚಾ ತೈಲ, ನೈಸರ್ಗಿಕ ಅನಿಲ ಮತ್ತು ವಿಮಾನದ ಇಂಧನವನ್ನು ಹೊರಗಿಟ್ಟರು. ಅದಕ್ಕೇ ರಾಜ್ಯದಿಂದ ರಾಜ್ಯಕ್ಕೆ ಇಷ್ಟು ವ್ಯತ್ಯಾಸ.

ಪಂಪಿನ ಮಾಲೀಕರಿಗೆ ಸಿಗುವ ಕಮಿಷನ್ ಲೀಟರಿಗೆ 4 ರೂಪಾಯಿಯ ಆಸುಪಾಸು. ಇವನ್ನೆಲ್ಲ ಕಳೆದರೆ ಉಳಿಯುವುದು ಸುಮಾರು 53 ರೂಪಾಯಿ. ತೈಲ, ಸಂಸ್ಕರಣೆ, ಸಾಗಣೆ, ಕಂಪನಿಯ ಲಾಭ ಎಲ್ಲ ಅದರಲ್ಲೇ.

ಮಾಹುಲಿನ ಚಿಮಣಿ, ಗೋವಾದ ಅಗ್ಗದ ಪೆಟ್ರೋಲ್

ಚೆಂಬೂರಿನಿಂದ ಮಾಹುಲ್ ಕಡೆಗೆ ಹೋದವರಿಗೆ ಸಂಸ್ಕರಣಾಗಾರದ ಎತ್ತರದ ಚಿಮಣಿಗಳು ಕಾಣುತ್ತವೆ, ಗಾಳಿ ಈ ಕಡೆ ಬೀಸಿದರೆ ವಾಸನೆಯೂ ಬರುತ್ತದೆ. ಭಾರತ್ ಪೆಟ್ರೋಲಿಯಂ ಮತ್ತು ಹಿಂದುಸ್ತಾನ್ ಪೆಟ್ರೋಲಿಯಂ ಎರಡರ ಸಂಸ್ಕರಣಾಗಾರಗಳೂ ಅಲ್ಲಿವೆ. 1974ರಲ್ಲಿ ತೈಲ ಸಿಕ್ಕ ಬಾಂಬೆ ಹೈ ಮುಂಬಯಿಯ ದಡದಿಂದ ಸುಮಾರು 160 ಕಿಲೋಮೀಟರ್ ದೂರದ ಕಡಲಿನಲ್ಲಿದೆ. ಎಣ್ಣೆಯೂ ಹತ್ತಿರ, ಗಾಣವೂ ಹತ್ತಿರ. ಹಾಗಿದ್ದರೂ ಒಂದೂ ಸಂಸ್ಕರಣಾಗಾರವಿಲ್ಲದ ಗೋವಾದಲ್ಲಿ ಪೆಟ್ರೋಲ್ ಮುಂಬಯಿಗಿಂತ ಲೀಟರಿಗೆ ಹಲವು ರೂಪಾಯಿ ಅಗ್ಗ.

ಗೋವಾಕ್ಕೆ ಪೆಟ್ರೋಲ್ ಸಾಗಿಸಿ ತರಬೇಕು, ಅದಕ್ಕೆ ಖರ್ಚೂ ಇದೆ. ಅಗ್ಗವಾಗಿಸಿರುವುದು ಅಲ್ಲಿನ ಕಡಿಮೆ ತೆರಿಗೆ. 2012ರ ಏಪ್ರಿಲಿನಲ್ಲಿ ಮುಖ್ಯಮಂತ್ರಿ ಮನೋಹರ ಪರ್ರಿಕರ್ ಪೆಟ್ರೋಲಿನ ಮೇಲಿನ ವ್ಯಾಟನ್ನು ಹೆಸರಿಗಷ್ಟೇ ಉಳಿಸಿ ಮಿಕ್ಕದ್ದನ್ನು ತೆಗೆದುಹಾಕಿದಾಗ ಲೀಟರಿಗೆ 11 ರೂಪಾಯಿಯಷ್ಟು ಒಮ್ಮೆಲೇ ಇಳಿದಿತ್ತು. ಅಷ್ಟು ಕಡಿಮೆ ತೆರಿಗೆ ಮುಂದೆ ಉಳಿಯಲಿಲ್ಲ, ಆದರೂ ನೆರೆಯ ರಾಜ್ಯಗಳಿಗಿಂತ ಕಡಿಮೆಯೇ ಇದೆ.

ಊರಿಗೆ ಕಾರಿನಲ್ಲಿ ಹೋಗುವ ನಮ್ಮವರಿಗೆ ಒಂದು ಹಳೆಯ ಅಭ್ಯಾಸವಿತ್ತು. ಮಹಾರಾಷ್ಟ್ರದಲ್ಲಿ ಬೇಕಾದಷ್ಟು ಮಾತ್ರ ಹಾಕಿಸಿ, ನಿಪ್ಪಾಣಿ ದಾಟಿದ ಮೇಲೆ ಟ್ಯಾಂಕ್ ತುಂಬಿಸುವುದು. ಲಾರಿಯವರಂತೂ ಇದನ್ನು ತಪ್ಪಿಸುತ್ತಿರಲಿಲ್ಲ. ಕರ್ನಾಟಕ ಸರ್ಕಾರ 2024ರ ಜೂನಿನಲ್ಲಿ ಡೀಸೆಲಿನ ಮಾರಾಟ ತೆರಿಗೆಯನ್ನು ಶೇ. 18.4ಕ್ಕೂ 2025ರ ಏಪ್ರಿಲಿನಲ್ಲಿ ಶೇ. 21.17ಕ್ಕೂ ಏರಿಸಿದ ಮೇಲೆ, ಮಹಾರಾಷ್ಟ್ರವೂ ಮುಂಬಯಿಯ ಡೀಸೆಲ್ ತೆರಿಗೆಯನ್ನು ಶೇ. 24ರಿಂದ 21ಕ್ಕೆ ಇಳಿಸಿದ ಮೇಲೆ, ಆ ಲಾಭ ಹೆಚ್ಚುಕಡಿಮೆ ಮುಗಿದುಹೋಯಿತು.

ಅಲ್ಲಿ ಇಳಿದರೂ ಇಲ್ಲಿ ಏಕೆ ಇಳಿಯುವುದಿಲ್ಲ

ನನ್ನನ್ನು ಜನ ಅತಿ ಹೆಚ್ಚು ಕೇಳುವ ಪ್ರಶ್ನೆ ಇದು, ಮತ್ತು ಕೇಳುವವರ ಸಿಟ್ಟಿನಲ್ಲಿ ಅರ್ಥವಿದೆ.

ಕಾಗದದ ಮೇಲೆ ಬೆಲೆ ಸ್ವತಂತ್ರ. ಪೆಟ್ರೋಲಿನ ದರ ನಿಯಂತ್ರಣವನ್ನು ಸರ್ಕಾರ 2010ರ ಜೂನಿನಲ್ಲಿ, ಡೀಸೆಲಿನದ್ದನ್ನು 2014ರ ಅಕ್ಟೋಬರಿನಲ್ಲಿ ಬಿಟ್ಟುಕೊಟ್ಟಿತು. 2017ರ ಜೂನ್ 16ರಿಂದ ದಿನವೂ ಬೆಳಗ್ಗೆ 6 ಗಂಟೆಗೆ ಹೊಸ ದರ ಎಂಬ ಪದ್ಧತಿ ದೇಶದಾದ್ಯಂತ ಬಂತು. ಆದರೆ ಪೆಟ್ರೋಲ್ ಮಾರುವ ಮೂರು ದೊಡ್ಡ ಕಂಪನಿಗಳೂ ಸರ್ಕಾರಿ ಒಡೆತನದವು. 2021ರ ನವೆಂಬರ್ 4ರಿಂದ 2022ರ ಮಾರ್ಚ್ 21ರವರೆಗೆ ಕಂಪನಿಗಳು ದರವನ್ನು ಮುಟ್ಟಲೇ ಇಲ್ಲ. ಅಷ್ಟರಲ್ಲಿ ಉಕ್ರೇನಿನಲ್ಲಿ ಯುದ್ಧ ಶುರುವಾಗಿ ಕಚ್ಚಾ ತೈಲ ನೂರು ಡಾಲರ್ ದಾಟಿತ್ತು. ಮಾರ್ಚ್ 22ರಿಂದ ಶುರುವಾದ ಏರಿಕೆ 16 ದಿನಗಳಲ್ಲಿ 14 ಸಲ ಬಂತು. ಮುಂಬಯಿಯಲ್ಲಿ ಪೆಟ್ರೋಲ್ 120 ರೂಪಾಯಿ 51 ಪೈಸೆ ಮುಟ್ಟಿತು. ಅದಕ್ಕೂ ಹಿಂದೆ, 2021ರ ಮೇ 29ರಂದು ನೂರು ದಾಟಿದ ಮೊದಲ ಮಹಾನಗರವೂ ನಮ್ಮದೇ.

ಇಳಿಯದಿರಲು ಮುಖ್ಯವಾಗಿ ಎರಡು ಕಾರಣಗಳು. ಒಂದು, ಇಳಿದ ಜಾಗವನ್ನು ತೆರಿಗೆ ತುಂಬಿಕೊಳ್ಳುತ್ತದೆ. 2020ರಲ್ಲಿ ಕೊರೊನಾದಿಂದ ಜಗತ್ತು ನಿಂತು ಕಚ್ಚಾ ತೈಲ ನೆಲಕಚ್ಚಿದಾಗ, ಮೇ ತಿಂಗಳ ಒಂದೇ ಆದೇಶದಲ್ಲಿ ಕೇಂದ್ರ ಸರ್ಕಾರ ಪೆಟ್ರೋಲಿನ ಸುಂಕವನ್ನು 10 ರೂಪಾಯಿ, ಡೀಸೆಲಿನದ್ದನ್ನು 13 ರೂಪಾಯಿ ಏರಿಸಿತು. ಪಂಪಿನ ಬೆಲೆ ಏರಲಿಲ್ಲ, ಇಳಿಯಬೇಕಾಗಿದ್ದದ್ದು ಇಳಿಯಲೂ ಇಲ್ಲ. ಮುಂದೆ 2021ರ ನವೆಂಬರ್ ಮತ್ತು 2022ರ ಮೇಯಲ್ಲಿ ಆ ಸುಂಕವನ್ನು ಎರಡು ಕಂತಿನಲ್ಲಿ ಇಳಿಸಿದರು. ಎರಡನೆಯದು, ಕಂಪನಿಗಳು ದುಬಾರಿಯ ಕಾಲದಲ್ಲಿ ತಡೆದುಕೊಂಡ ನಷ್ಟವನ್ನು ಅಗ್ಗದ ಕಾಲದಲ್ಲಿ ವಸೂಲು ಮಾಡುತ್ತವೆ. 2022ರ ಏಪ್ರಿಲಿನಿಂದ ಸೆಪ್ಟೆಂಬರಿನವರೆಗಿನ ಆರು ತಿಂಗಳಲ್ಲಿ ಮೂರೂ ಕಂಪನಿಗಳು ಸೇರಿ 21 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ನಷ್ಟ ತೋರಿಸಿದವು. 2023-24ರಲ್ಲಿ ಸುಮಾರು 81 ಸಾವಿರ ಕೋಟಿ ಲಾಭ ಮಾಡಿದವು. ಮಳೆಗಾಲದಲ್ಲಿ ಅಂಗಡಿಯವನು ಸಾಲ ಕೊಟ್ಟು ಸುಗ್ಗಿಯಲ್ಲಿ ವಸೂಲು ಮಾಡುವ ಹಾಗೆ ಇದು. ಈ ಸಾಲದ ಪುಸ್ತಕ ಮಾತ್ರ ನಮ್ಮ ಕೈಯಲ್ಲಿಲ್ಲ.

"200ರದ್ದು ಹಾಕಿ"

ಪಂಪಿನಲ್ಲಿ ಹುಡುಗ ಮೀಟರಿನತ್ತ ಬೆರಳು ತೋರಿಸಿ "ಝೀರೋ ದೇಖ್ ಲೋ" ಎನ್ನುತ್ತಾನೆ. ಸ್ಕೂಟರಿನವರು ಲೀಟರ್ ಲೆಕ್ಕದಲ್ಲಿ ಕೇಳುವುದು ಅಪರೂಪ. ನೂರರದ್ದು, 200ರದ್ದು ಎಂದೇ ಕೇಳುತ್ತಾರೆ. ಹೀಗಾಗಿ ದರ ಏರಿದ್ದು ಜೇಬಿಗೆ ಆ ಕ್ಷಣ ತಿಳಿಯುವುದಿಲ್ಲ, ದಾರಿಯಲ್ಲಿ ತಿಳಿಯುತ್ತದೆ. ಲೀಟರಿಗೆ 45 ಕಿಲೋಮೀಟರ್ ಓಡುವ ಸ್ಕೂಟರಿಗೆ 103.50ರ ದರದಲ್ಲಿ 200 ರೂಪಾಯಿ ಹಾಕಿಸಿದರೆ ಸುಮಾರು 87 ಕಿಲೋಮೀಟರ್ ಹೋಗುತ್ತದೆ. 2022ರ ಏಪ್ರಿಲಿನ 120.51ರಲ್ಲಿ 75 ಕೂಡ ಪೂರ್ತಿ ಹೋಗುತ್ತಿರಲಿಲ್ಲ. ವಾರಕ್ಕೊಮ್ಮೆ ಹೋಗುತ್ತಿದ್ದ ಪಂಪಿಗೆ ಆರನೇ ದಿನವೇ ಹೋಗಬೇಕಾಯಿತು ಎನ್ನುವುದರಲ್ಲಿ ಇಡೀ ಏರಿಕೆ ಅಡಗಿದೆ. ತಿಂಗಳಿಗೆಷ್ಟು ಲೀಟರ್ ಎಂದು ಬರೆದಿಡುವವರಿಗೆ ಮಾತ್ರ ಇದು ಕಣ್ಣಿಗೆ ಬೀಳುತ್ತದೆ.

ರಿಕ್ಷಾದವರ ಆರು ತಿಂಗಳು

ಮುಂಬಯಿಯ ರಿಕ್ಷಾ, ಕಪ್ಪು-ಹಳದಿ ಟ್ಯಾಕ್ಸಿ, ಅತ್ತಿಗೆಯ ಮಗಳ ವ್ಯಾನ್ ಎಲ್ಲ ಓಡುವುದು ಸಿಎನ್‌ಜಿಯಲ್ಲಿ, ಅಂದರೆ ಒತ್ತಿ ತುಂಬಿದ ನೈಸರ್ಗಿಕ ಅನಿಲದಲ್ಲಿ. ಇದನ್ನು ಲೀಟರಿನಲ್ಲಿ ಅಳೆಯುವುದಿಲ್ಲ, ಕಿಲೋದಲ್ಲಿ ತೂಗುತ್ತಾರೆ. ಇದರ ಬೆಲೆ ಪೆಟ್ರೋಲಿನ ದಾರಿಯಲ್ಲೇ ಹೋಗಬೇಕೆಂದಿಲ್ಲ. 2022 ಇದನ್ನು ಚೆನ್ನಾಗಿ ತೋರಿಸಿತು.

ಆ ವರ್ಷ ಏಪ್ರಿಲ್ 1ರಂದು ಮಹಾರಾಷ್ಟ್ರ ಸಿಎನ್‌ಜಿಯ ವ್ಯಾಟನ್ನು ಶೇ. 13.5ರಿಂದ 3ಕ್ಕೆ ಇಳಿಸಿತು, ಮುಂಬಯಿಯಲ್ಲಿ ಕಿಲೋಗೆ 60 ರೂಪಾಯಿ ಆಯಿತು. ರಿಕ್ಷಾದವರು ನಿಟ್ಟುಸಿರು ಬಿಡುವಷ್ಟರಲ್ಲಿ, ಅದೇ ದಿನದಿಂದ ದೇಶೀ ಅನಿಲದ ಮೂಲ ದರವನ್ನು ಕೇಂದ್ರ ಸರ್ಕಾರ ಎರಡು ಪಟ್ಟಿಗೂ ಹೆಚ್ಚು ಮಾಡಿತು, ಅನಿಲ ಅಳೆಯುವ ಒಂದು ಘಟಕಕ್ಕೆ (ಎಂಎಂಬಿಟಿಯು) 2.90 ಡಾಲರಿನಿಂದ 6.10ಕ್ಕೆ. ಹೊರಗಿನಿಂದ ತರಿಸುವ ಅನಿಲವೂ ಯುದ್ಧದಿಂದ ದುಬಾರಿಯಾಗಿತ್ತು. ಆಗಸ್ಟ್ ಮೊದಲ ವಾರಕ್ಕೆ ಕಿಲೋಗೆ 86 ರೂಪಾಯಿ. ನಡುವೆ ಸ್ವಲ್ಪ ಇಳಿದರೂ ನವೆಂಬರಿನಲ್ಲಿ 89 ರೂಪಾಯಿ 50 ಪೈಸೆಗೆ ಹೋಯಿತು.

ರಿಕ್ಷಾದ ಬಾಡಿಗೆಯನ್ನು ಚಾಲಕ ತಾನೇ ಏರಿಸುವಂತಿಲ್ಲ, ಮುಂಬಯಿ ಮಹಾನಗರ ಪ್ರದೇಶದ ಸಾರಿಗೆ ಪ್ರಾಧಿಕಾರ ತೀರ್ಮಾನಿಸಬೇಕು. 2021ರ ಮಾರ್ಚಿನಿಂದ ಕನಿಷ್ಠ ಬಾಡಿಗೆ 21 ರೂಪಾಯಿ ಇತ್ತು, 2022ರ ಅಕ್ಟೋಬರ್ 1ಕ್ಕೆ 23 ಆಯಿತು. ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ ಅನಿಲ ಏರಿತು, ಬಾಡಿಗೆ ಏರಲಿಲ್ಲ. ದಿನಕ್ಕೆ 150 ಕಿಲೋಮೀಟರ್ ಓಡಿಸುವ, ಕಿಲೋಗೆ 30 ಕಿಲೋಮೀಟರ್ ಕೊಡುವ ರಿಕ್ಷಾಕ್ಕೆ ದಿನಕ್ಕೆ 5 ಕಿಲೋ ಅನಿಲ ಬೇಕು. 26 ರೂಪಾಯಿ ಏರಿದರೆ ದಿನಕ್ಕೆ 130, ತಿಂಗಳಿಗೆ 26 ದಿನ ದುಡಿದರೆ 3,380 ರೂಪಾಯಿ. ಬಾಡಿಗೆ ರಿಕ್ಷಾ ಓಡಿಸುವವರು ಮಾಲೀಕರಿಗೆ ದಿನದ ಶಿಫ್ಟಿನ ಹಣವನ್ನು ಹೇಗಿದ್ದರೂ ಕೊಡಬೇಕು. ಆ 3,380 ರೂಪಾಯಿ ಹೋದದ್ದು ಅವರ ಮನೆಯ ಹಾಲು, ಅಕ್ಕಿ, ಮಕ್ಕಳ ಫೀಸಿನಿಂದ. ಪ್ರಯಾಣಿಕರಾದ ನಮಗೆ ಆ ಆರು ತಿಂಗಳು ಏನೂ ಆಗಿರಲಿಲ್ಲ ಎನ್ನಿಸಿತ್ತು. ಇದನ್ನು ನಾವು ತಿಳಿದಿರಬೇಕು ಎಂದು ನನಗೆ ಅನ್ನಿಸುತ್ತದೆ.

2023ರ ಏಪ್ರಿಲಿನಲ್ಲಿ ದೇಶೀ ಅನಿಲದ ದರಕ್ಕೆ 6.5 ಡಾಲರಿನ ಮಿತಿ ಹಾಕಿದ ಮೇಲೆ ಸಿಎನ್‌ಜಿ ಇಳಿಯಿತು. ಬಾಡಿಗೆ ಇಳಿಯಲಿಲ್ಲ. 2025ರ ಫೆಬ್ರವರಿ 1ರಿಂದ ಕನಿಷ್ಠ ಬಾಡಿಗೆ 26 ಆಯಿತು. ಬಾಡಿಗೆ ಮೆಟ್ಟಿಲು ಹತ್ತುತ್ತದೆ, ಇಳಿಯುವ ಮೆಟ್ಟಿಲು ಅದಕ್ಕಿಲ್ಲ. ಮೊದಲು ಚಾಲಕ ಹೊರುತ್ತಾನೆ, ಆಮೇಲೆ ಪ್ರಯಾಣಿಕ.

ಈರುಳ್ಳಿಗೆ ಡೀಸೆಲ್ ಎಷ್ಟು, ಊರಿನ ಬಸ್ಸಿಗೆ ಎಷ್ಟು

ಡೀಸೆಲ್ ಏರಿತು, ಅದಕ್ಕೇ ಭಾಜಿ (ತರಕಾರಿ) ದುಬಾರಿ ಎಂದು ಮಾರುವವರು ಹೇಳುತ್ತಾರೆ. ಲಾರಿಯ ಲೆಕ್ಕ ಬರೆದ ನನಗೆ ಇದನ್ನು ಬಿಡಿಸಿ ಹೇಳುವ ಆಸೆ. ನಾಸಿಕದ ಕಡೆಯಿಂದ ವಾಶಿಯ ಎಪಿಎಂಸಿ ಮಾರುಕಟ್ಟೆಗೆ 170 ಕಿಲೋಮೀಟರ್, ಹೋಗಿ ಬರಲು 340. ಲೀಟರಿಗೆ 4 ಕಿಲೋಮೀಟರ್ ಓಡುವ ಲಾರಿಗೆ 85 ಲೀಟರ್ ಬೇಕು. ಡೀಸೆಲ್ 5 ರೂಪಾಯಿ ಏರಿದರೆ ಒಂದು ಸುತ್ತಿಗೆ 425 ರೂಪಾಯಿ ಹೆಚ್ಚು. ಲಾರಿಯಲ್ಲಿ 9 ಟನ್ ಈರುಳ್ಳಿ ಇದ್ದರೆ ಕಿಲೋಗೆ 5 ಪೈಸೆಯೂ ಬೀಳುವುದಿಲ್ಲ! ವಾಶಿಯಿಂದ ಭಾಂಡುಪಿಗೆ ಟೆಂಪೋ, ಹೊಲದ ಟ್ರ್ಯಾಕ್ಟರ್ ಎಲ್ಲ ಸೇರಿಸಿ ಧಾರಾಳವಾಗಿ ಹಿಡಿದರೂ ಕೆಲವು ಪೈಸೆಗಳ ಮಾತು. ಈರುಳ್ಳಿ ಕಿಲೋಗೆ 20 ರೂಪಾಯಿ ಏರಿದ್ದರೆ ಅದಕ್ಕೆ ಮಳೆ, ಬೆಳೆ, ದಾಸ್ತಾನು ಕಾರಣವಾಗಿರಬಹುದು. ಡೀಸೆಲ್ ಅಷ್ಟನ್ನು ಮಾಡಲಾರದು.

ಹಾಗಾದರೆ ಡೀಸೆಲ್ ಏರಿದಾಗ ಭಾಜಿಯ ಬೆಲೆ ಏರುವುದು ಸುಳ್ಳೇ? ಸುಳ್ಳಲ್ಲ. ನಮ್ಮ ಬೀದಿಯಲ್ಲಿ ಭಾಜಿ ಮಾರುವುದು ಪಾವ್ ಕಿಲೋ (ಕಾಲು ಕಿಲೋ) ಲೆಕ್ಕದಲ್ಲಿ, 10, 15, 20 ರೂಪಾಯಿಗೆ. 40 ಪೈಸೆ ಹೆಚ್ಚು ಕೇಳಲು ಯಾರ ಬಳಿಯೂ ಚಿಲ್ಲರೆ ಇಲ್ಲ. ಸಣ್ಣ ಸಣ್ಣ ಏರಿಕೆಗಳನ್ನು ಮಾರುವವರು ಒಂದಷ್ಟು ದಿನ ನುಂಗಿಕೊಳ್ಳುತ್ತಾರೆ, ಆಮೇಲೆ ಒಂದು ದಿನ 15 ಇದ್ದದ್ದು 20 ಆಗುತ್ತದೆ. ಕಿಲೋಗೆ 20 ರೂಪಾಯಿ ಒಂದೇ ನೆಗೆತಕ್ಕೆ.

ಡೀಸೆಲಿನ ಪೆಟ್ಟು ನೇರವಾಗಿ ಕಾಣುವುದು ಊರಿನ ಬಸ್ಸಿನಲ್ಲಿ. ಮುಂಬಯಿಯಿಂದ ಮಂಗಳೂರಿಗೆ ಸುಮಾರು 900 ಕಿಲೋಮೀಟರ್. ಲೀಟರಿಗೆ ಮೂರೂವರೆ ಕಿಲೋಮೀಟರ್ ಓಡುವ ಸ್ಲೀಪರ್ ಬಸ್ಸಿಗೆ 257 ಲೀಟರ್. 5 ರೂಪಾಯಿ ಏರಿದರೆ 1,285 ರೂಪಾಯಿ, 30 ಮಂದಿಗೆ ಹಂಚಿದರೆ ತಲೆಗೆ 43. ಚೌತಿಗೆ ಟಿಕೆಟ್ ಇದಕ್ಕಿಂತ ಎಷ್ಟೋ ಪಟ್ಟು ಏರಿದರೆ, ಆ ಉಳಿದದ್ದು ಹಬ್ಬದ ನೂಕುನುಗ್ಗಲಿನ ಬೆಲೆ. ಕೊಂಕಣ ರೈಲು ಮಾರ್ಗ 2022ರಲ್ಲಿ ಪೂರ್ತಿ ವಿದ್ಯುದೀಕರಣಗೊಂಡಿತು. ಅಣ್ಣನ ಲೋಕಲ್ ರೈಲೂ ವಿದ್ಯುತ್ತಿನದೇ. ಡೀಸೆಲ್ ಏರಿತೆಂದು ಮರುದಿನವೇ ಅವುಗಳ ಟಿಕೆಟ್ ಏರುವುದಿಲ್ಲ.

ಅಡುಗೆ ಅನಿಲಕ್ಕೆ ಬೇರೆಯೇ ನಿಯಮ. ಹೋಟೆಲಿನ 19 ಕಿಲೋ ಸಿಲಿಂಡರಿನ ದರ ಸಾಮಾನ್ಯವಾಗಿ ತಿಂಗಳ ಮೊದಲ ದಿನ ಬದಲಾಗುತ್ತದೆ. ಮನೆಯ 14.2 ಕಿಲೋ ಸಿಲಿಂಡರ್ ತಿಂಗಳುಗಟ್ಟಲೆ ನಿಂತು ಒಮ್ಮೆಗೇ ಏರುತ್ತದೆ. 2025ರ ಏಪ್ರಿಲಿನಲ್ಲಿ ಮುಂಬಯಿಯಲ್ಲಿ ಅದು 802.50ರಿಂದ 852.50ಕ್ಕೆ ಹೋಗಿತ್ತು.

ವ್ಯಾನಿನ 200 ರೂಪಾಯಿ

ಇನ್ನು ಅತ್ತಿಗೆಯ ಚೀಟಿ. ಅವರು ಖರ್ಚಿನ ಪುಸ್ತಕ ತಂದರು, ನಾನು ವ್ಯಾನಿನ ಚಾಲಕರಿಗೆ ಫೋನ್ ಮಾಡಿದೆ. ಅವರು ಬೇಸರಿಸದೆ ಎಲ್ಲ ಹೇಳಿದರು. ದಿನಕ್ಕೆ 50 ಕಿಲೋಮೀಟರ್ ಓಟ, ಕಿಲೋ ಅನಿಲಕ್ಕೆ 15 ಕಿಲೋಮೀಟರ್, ತಿಂಗಳಿಗೆ 24 ದಿನ. ಅಂದರೆ 80 ಕಿಲೋ. ಹಿಂದಿನ ಸಲ ಫೀಸ್ ನಿಗದಿ ಮಾಡಿದ ಮೇಲೆ ಕಿಲೋಗೆ 6 ರೂಪಾಯಿ ಏರಿದೆ ಎಂದರು. 480 ರೂಪಾಯಿ ಆಯಿತು. ವ್ಯಾನಿನಲ್ಲಿ 12 ಮಕ್ಕಳು. ತಲೆಗೆ 40.

"ಹಾಗಾದರೆ 200 ಹೇಗೆ?" ಎಂದು ಕೇಳಿದೆ. ಎರಡು ವರ್ಷದಿಂದ ಫೀಸ್ ಏರಿಸಿಲ್ಲ, ವಿಮೆ ಏರಿದೆ, ಎರಡು ಟೈರ್ ಹಾಕಿಸಬೇಕು, ಮಕ್ಕಳನ್ನು ಹತ್ತಿಸಿ ಇಳಿಸುವ ಬಾಯಿಯ (ಸಹಾಯಕ ಹೆಂಗಸಿನ) ಸಂಬಳ ಹೆಚ್ಚಿಸಿದ್ದೇನೆ ಎಂದರು. ಚೀಟಿಯಲ್ಲಿ ಅದನ್ನೆಲ್ಲ ಬರೆಯಲು ಜಾಗವಿರಲಿಲ್ಲ, ಇಂಧನ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆಂದು ಬರೆದೆ ಎಂದರು.

ಅತ್ತಿಗೆ ಫೋನಿನ ಮಾತನ್ನು ಪೂರ್ತಿ ಕೇಳಿಸಿಕೊಂಡಿದ್ದರು. ಪುಸ್ತಕದಲ್ಲಿ "ವ್ಯಾನ್" ಎಂಬ ಸಾಲಿನ ಕೆಳಗೆ ಅಡಿಗೆರೆ ಎಳೆದು ಎರಡು ಸಾಲು ಬರೆದರು: ಗ್ಯಾಸಿಗೆ 40, ಬಾಯಿ, ಟೈರ್, ವಿಮೆಗೆ 160. ಆಮೇಲೆ 200 ರೂಪಾಯಿಯನ್ನು ಲಕೋಟೆಗೆ ಹಾಕಿ ಮಗಳ ಚೀಲದಲ್ಲಿಟ್ಟರು.